ಮಾತು ನುಂಗಿದ ರಿಸೀವರು

ಮನೆಗೆ ಬೇಕಾದ ರಿಸೀವರನ್ನು ನಾನೇ ಆರಿಸುತ್ತೇನೆ, ಯಾರ ಸಲಹೆಯೂ ಬೇಡ ಎಂದು ನಾನು ಸಾರಿದಾಗ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಎದುರಾಡಲು ಬಾಯೆಲ್ಲಿದೆ ಅವರಿಗೆ! ಸುಟ್ಟು ಕರಕಲಾದ ಮೋಟಾರುಗಳಿಗೆ ಜೀವಮಾನವೆಲ್ಲ ತಾಮ್ರದ ತಂತಿ ಸುತ್ತಿ ಮರುಜನ್ಮ ಕೊಟ್ಟವನು ನಾನು. ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಕಲಿತದ್ದೆಲ್ಲ ಬಿಚ್ಚಿ ನೋಡಿ ಕಲಿತದ್ದು.

ರಿಸೀವರು ಅಂದರೆ, ತಿಳಿಯದವರಿಗೆ ಹೇಳುತ್ತೇನೆ, ಟಿವಿಯ ಸದ್ದನ್ನೂ ಹಾಡಿನ ಸದ್ದನ್ನೂ ಒಳಗೆ ಎಳೆದುಕೊಂಡು, ಚೆನ್ನಾಗಿ ಮೈ ಬಲಿಸಿ, ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ. ಅದರ ಅಗತ್ಯ ಬಿದ್ದದ್ದು ನನ್ನ ಹೆಂಡತಿಯ ದೆಸೆಯಿಂದ. ಧಾರಾವಾಹಿಯಲ್ಲಿ ಮಾತು ನೆಟ್ಟಗೆ ಕೇಳಿಸುತ್ತಿಲ್ಲ ಎಂದು ಅವಳು ಗೊಣಗುತ್ತಿದ್ದಳು. ಅವಳ ಅಮ್ಮನಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಕಿವಿ ಕೈಕೊಟ್ಟಿತ್ತು. ಮನೆಮಂದಿ ನಕ್ಕಾಗ ಯಾಕೆಂದು ತಿಳಿಯದೆ ಆಕೆಯೂ ನಗುತ್ತಿದ್ದರು, ಪಾಪ. ತನಗೂ ಅದೇ ಗತಿಯೇನೋ ಎಂಬ ಹೆದರಿಕೆ ಇವಳಿಗೆ. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದಳು ಮಗಳು. ನಾನು ಅಡ್ಡ ಬಂದೆ.

“ಕಿವಿಗೇನೂ ಆಗಿಲ್ಲ. ಆ ಟಿವಿಗೆ ಗಂಟಲು ಸಾಲದು. ಗಂಟಲು ನಾನು ತರ್ತೀನಿ.”

ಅಂಗಡಿಯಾಕೆ ಒಂದೊಂದು ರಿಸೀವರಿನ ಗುಣಗಾನ ಶುರುಮಾಡಿದಳು. ನಾನು ಕೈ ಅಡ್ಡ ಹಿಡಿದು, ಒಂದೊಂದನ್ನೇ ಎತ್ತಿ ನೋಡತೊಡಗಿದೆ. ನಮ್ಮ ಕಸುಬಿನಲ್ಲಿ ಯಂತ್ರದ ಯೋಗ್ಯತೆ ತಿಳಿಯುವುದು ತೂಕದಿಂದ. ಒಳಗೆ ತಾಮ್ರ ಎಷ್ಟೋ ಸತ್ವ ಅಷ್ಟು. ಹಗುರವಾದವನ್ನು ಖಾಲಿ ಬಿಸ್ಕತ್ತಿನ ಡಬ್ಬಿಗಳಂತೆ ಬದಿಗಿಟ್ಟೆ. ಗಾಳಿಕಿಂಡಿಗೆ ಮೂಗಿಟ್ಟು ಒಳಗಿನ ತಂತಿಗೆ ಬಳಿದ ವಾರ್ನಿಶಿನ ವಾಸನೆ ನೋಡಿದೆ. ಕಡೆಗೆ ಒಂದನ್ನು ಎತ್ತುವಾಗ ಸೊಂಟ ಕಳಕ್ ಎಂದಿತು.

“ಇದೇ,” ಎಂದೆ, ಬಗ್ಗಿದ ಭಂಗಿಯಲ್ಲೇ.

ಅದರ ಜೊತೆಗೆ ಐದು ಸ್ಪೀಕರು. ನಾಲ್ಕು ಕೋಣೆಯ ನಾಲ್ಕು ಮೂಲೆಗೆ, ಐದನೆಯದು ಟಿವಿಯ ಕೆಳಗೆ ನಟ್ಟನಡುವೆ. ಈ ನಡುವಿನದರ ವಿಷಯ ಅಂಗಡಿಯಾಕೆ ಏನೋ ಬಿಡಿಸಿ ಹೇಳಲು ಬಂದಳು.

“ತಾಯಿ, ಮನುಷ್ಯನಿಗೆ ಕಿವಿ ಎರಡು. ನಡುವೆ ಇರೋದು ಮೂಗು. ಮೂಗಿಗೆ ಯಾಕಮ್ಮ ಸ್ಪೀಕರು?”

ಆಕೆ ಬಿಲ್ಲು ಬರೆಯಲು ಕೂತಳು. ಗೆದ್ದೆ ಎಂದುಕೊಂಡೆ. ಆ ಐದನೆಯದು ರಟ್ಟಿನ ಪೆಟ್ಟಿಗೆಯ ಸಮೇತ ಮಂಚದ ಕೆಳಗೆ ಹೋಯಿತು.

ಮೊದಲು ಹಾಡು ಹಾಕಿದೆ. ಏನು ಹೇಳಲಿ! ಕೊಳಲು ಊದುವವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಹೆಂಡತಿಯ ಮುಖ ಅರಳಿತು. ನಾನು ಗೋಡೆಗೆ ಒರಗಿ ಜಗದೊಡೆಯನಂತೆ ನಿಂತೆ. ಆಮೇಲೆ ಧಾರಾವಾಹಿ ಶುರುವಾಯಿತು. ಬಾಗಿಲು ಧಡಾರನೆ ಹಾಕಿಕೊಂಡಿತು. ಗುಡುಗು ನಮ್ಮ ಬೆನ್ನ ಹಿಂದೆ ಉರುಳಿ ಅಡುಗೆಮನೆಗೆ ಹೋಯಿತು. ತೆರೆಯ ಮೇಲೆ ಅತ್ತೆ ಬಂದು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮಾತು ಮಾತ್ರ ಒಂದಕ್ಷರವೂ ಇಲ್ಲ.

“ರೀ, ನಿಮಗೆ ಕೇಳಿಸ್ತಿದೆಯಾ?” ಹೆಂಡತಿಯ ದನಿ ಸಣ್ಣಗಾಗಿತ್ತು.

ಇಲ್ಲ ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೊಂಟವನ್ನೇ ತೆತ್ತು ಆರಿಸಿದ ಯಂತ್ರ. ಹಾಡಿಗೆ ಅಷ್ಟು ಚೆನ್ನಾಗಿ ಬಾಯಿಬಿಟ್ಟದ್ದು ಮಾತಿಗೆ ಯಾಕೆ ಮೂಕವಾಗುತ್ತದೆ? ನನ್ನ ಕಿವಿಯೇ ಹೋಯಿತೇನೋ ಎಂದು ಒಳಗೊಳಗೇ ಬೆವರಿದೆ.

“ಗಂಟೆ ಹೊಡೆದ ಹಾಗೆ ಕೇಳಿಸ್ತಿದೆ,” ಎಂದೆ.

“ಏನಂದಳು ಅತ್ತೆ?”

“ಸೊಸೆಗೆ ಮನೆ ಬಿಟ್ಟು ತೊಲಗು ಅಂದಳು.”

ಅಲ್ಲಿಂದ ಧಾರಾವಾಹಿಯ ಪೂರ್ತಿ ಜವಾಬ್ದಾರಿ ನನ್ನ ಹೆಗಲೇರಿತು. ಸಂಜೆಯಾದರೆ, ಮಗಳು ಕೆಲಸದಿಂದ ಬರುವ ಮೊದಲೇ, ಹೆಂಡತಿ ಪಕ್ಕದಲ್ಲಿ ಕೂತು ಏನಂದ, ಯಾಕಂದ ಎಂದು ಕೇಳುವುದು, ನಾನು ಹೊಸೆಯುವುದು. ಮೀಸೆ ನನಗೆ ಹಿಡಿಸಲಿಲ್ಲವೆಂದು ಸೊಸೆಯ ಅಣ್ಣನನ್ನು ಕಳ್ಳನನ್ನಾಗಿ ಮಾಡಿದೆ. ಮಾವನಿಗೆ ವಾಸಿಯಾಗದ ಕಾಯಿಲೆ ಅಂಟಿಸಿದೆ. ಕಾಯಿಲೆ ಸುದ್ದಿ ಬಂದ ಮರುಗಳಿಗೆಯೇ ಇಡೀ ಸಂಸಾರ ಊಟಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ದುಃಖ ಮಿತಿ ಮೀರಿದರೆ ಕೆಲವರು ಹೀಗೇ ಆಡುತ್ತಾರೆ ಎಂದು ಸಮಜಾಯಿಷಿ ಕೊಟ್ಟೆ. ಅವಳು ನಂಬಿ ಕಣ್ಣೊರೆಸಿಕೊಂಡಳು.

ಪಕ್ಕದ ಮನೆಯ ಹೊಲಿಗೆಯಾಕೆಯ ಮುಂದೆ ಇವಳು ಈ ಕಥೆ ಬಿಚ್ಚಿಟ್ಟಳಂತೆ. ಆಕೆ ಬಾಯಲ್ಲಿದ್ದ ದಾರ ಹಾಗೇ ಬಿಟ್ಟು, ಆ ಅತ್ತೆ ಸೊಸೆಯನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುವವಳು, ಆ ಅಣ್ಣ ಪೊಲೀಸು, ಮಾವ ಗುಂಡುಕಲ್ಲಿನಂತಿದ್ದಾನೆ ಎಂದಳಂತೆ.

“ಅವಳು ಹೊಲಿಗೆ ಮೆಷಿನ್ ತುಳೀತಾ ಟಿವಿ ನೋಡೋಳು. ಆ ಕಟಕಟದಲ್ಲಿ ಅವಳಿಗೇನು ಕೇಳಿಸುತ್ತೆ?” ಎಂದೆ.

ಹೆಂಡತಿ ಎದ್ದು ಒಣಗಿದ ಬಟ್ಟೆ ಮಡಚತೊಡಗಿದಳು. ಅವಳು ವಾದ ಬಿಟ್ಟಳೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮಾರನೆಯ ದಿನ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ಒಂದು ಲೋಟವನ್ನು ಕಿವಿಯ ಪಕ್ಕ ಹಿಡಿದು ಚಮಚದಿಂದ ಮೆಲ್ಲಗೆ ತಟ್ಟುತ್ತಿದ್ದಳು. ತಟ್ಟಿ ಕಣ್ಣುಮುಚ್ಚಿ ಕೇಳುವಳು, ಇನ್ನೊಂದು ಕಿವಿಗೆ ಹಿಡಿಯುವಳು. ನನಗೆ ನೀರು ಬೇಡವಾಯಿತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿ, ಧಾರಾವಾಹಿಯ ಅತ್ತೆಯ ಬಾಯಿಯಂತೆ, ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವಳು ನನ್ನನ್ನು ಕೇಳದೆ ಮಗಳನ್ನು ಕರೆದುಕೊಂಡು ಕಿವಿ ಡಾಕ್ಟರಲ್ಲಿಗೆ ಹೋದಳು. ಮನೆ ಖಾಲಿಯಾದದ್ದೇ ತಡ, ನಾನು ಯಂತ್ರದ ಬೆನ್ನು ತಡವಿದೆ. ತಂತಿಗಳೆಲ್ಲ ಭದ್ರ. ಅನುಮಾನಕ್ಕೆ ಇನ್ನೊಮ್ಮೆ ಎತ್ತಿಯೂ ನೋಡಿದೆ. ತೂಕದಲ್ಲಿ ಲೋಪವಿರಲಿಲ್ಲ.

ವಾಪಸು ಬಂದವಳು ಚಪ್ಪಲಿ ಬಿಟ್ಟು ಸೋಫಾದ ಮೇಲೆ ನೆಟ್ಟಗೆ ಕೂತಳು. ಕಿವಿ ಹೇಗಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಗಳು ಟಿವಿಯ ಹಿಂದೆ ಬಗ್ಗಿ ನೋಡಿ, “ಅಪ್ಪ, ನಡುವಿನ ಸ್ಪೀಕರ್ ಎಲ್ಲಿ?” ಎಂದಳು.

“ಮಂಚದ ಕೆಳಗೆ. ಯಾಕೆ?”

“ಟಿವಿಯಲ್ಲಿ ಜನ ಆಡೋ ಮಾತೆಲ್ಲ ಅದಕ್ಕೇ ಹೋಗೋದು. ಉಳಿದ ನಾಲ್ಕರಲ್ಲಿ ಬರೀ ಗುಡುಗು, ಬಾಗಿಲು. ಹಾಡಿಗೆ ಅದರ ಹಂಗಿಲ್ಲ.”

ಅವಳು ಅದನ್ನು ತಂದು ಜೋಡಿಸಿದ್ದೇ ತಡ, ಕೋಣೆಯ ತುಂಬ ಮಾತು! ಅತ್ತೆ ಸೊಸೆಯನ್ನು ಕಂದಾ ಎಂದು ಕರೆಯುತ್ತಿದ್ದಳು. ನಾನು ಕಳ್ಳನನ್ನಾಗಿ ಮಾಡಿದ ಅಣ್ಣ ಸಮವಸ್ತ್ರ ತೊಟ್ಟು ಯಾರನ್ನೋ ಗದರುತ್ತಿದ್ದ. ನನ್ನ ಕಿವಿಯೂ ನೆಟ್ಟಗಿದೆ ಎಂದು ಸಮಾಧಾನವಾಯಿತು. ಹೆಂಡತಿ ಒಂದೊಂದು ಮಾತನ್ನೂ ಕೇಳಿದಳು. ಆಮೇಲೆ ಟಿವಿ ಆರಿಸಿ ನನ್ನತ್ತ ತಿರುಗಿದಳು.

“ಡಾಕ್ಟರು ನನ್ನ ಕಿವಿ ಹದಿನಾರರ ಹುಡುಗಿ ಕಿವಿ ಅಂದರು. ನಿಮಗೆ ಕೇಳಿಸಿಲ್ಲ ಅಂದರೆ ಅಲ್ಲಿ ಯಾರೂ ಮಾತೇ ಆಡಿಲ್ಲಮ್ಮ ಅಂದರು. ನಮ್ಮ ಮನೆಯವರಿಗೆ ಕೇಳಿಸುತ್ತಲ್ಲ ಅಂದೆ.”

“ಅದಕ್ಕೆ?”

“ಯಾರೂ ಆಡದ ಮಾತು ಕೇಳಿಸೋದು ಕಿವಿ ಕಾಯಿಲೆ ಅಲ್ಲವಂತೆ. ಅದಕ್ಕೆ ಮಹಡಿ ಮೇಲೆ ತಲೆ ಡಾಕ್ಟರು ಕೂರ್ತಾರಂತೆ. ನಾಳೆ ಬರ್ತೀವಿ ಅಂತ ಹೇಳಿ ಬಂದಿದ್ದೀನಿ. ಇಲ್ಲ, ಸುಳ್ಳು ಹೇಳಿದೆ ಅಂತ ಈಗಲೇ ಒಪ್ಪಿಕೊಳ್ಳಿ, ಹೋಗೋದು ಬೇಡ. ನಿಮ್ಮಿಷ್ಟ.”

ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ರಿಸೀವರಿನ ಮೇಲಿನ ಧೂಳು ಒರೆಸಿದೆ. ಕಡೆಗೆ ಕೇಳಿದೆ:

“ಆ ತಲೆ ಡಾಕ್ಟರು ಒಳ್ಳೆಯವರಾ?”