ಯಾರ ತಕರಾರೂ ಇಲ್ಲದ ಜಾಗ

ರಾತ್ರಿಯ ಗಾಳಿಗೆ ಉರುಳಿದ ಮರ, ಹೊಟ್ಟೆ ತುಂಬ ಉಂಡ ಬೀಗರ ಹಾಗೆ ಉದ್ದಕ್ಕೂ ಕಾಲು ಚಾಚಿ ಮಲಗಿತ್ತು. ಬುಡ ಪುರಸಭೆಯ ಚರಂಡಿಯಲ್ಲಿ, ನಡು ಜಿಲ್ಲೆಯವರ ರಸ್ತೆಯಲ್ಲಿ, ತುದಿ ರಾಜ್ಯ ಸರ್ಕಾರದ ಕಚೇರಿಯ ಅಂಗಳದಲ್ಲಿ. ಒಂದು ದಪ್ಪ ಕೊಂಬೆ ಮಾತ್ರ ಕ್ಷೌರದಂಗಡಿಯ ಬಾಗಿಲಿಗೆ ಒರಗಿತ್ತು.

ಅಂಗಡಿಯವನ ಪ್ರಾಣ ಆ ಕೊಂಬೆಗೇ ಸಿಕ್ಕಿಕೊಂಡಿತ್ತು. ಸಂಜೆ ಮದುಮಗನೊಬ್ಬ ಗೆಳೆಯರ ದಂಡು ಕಟ್ಟಿಕೊಂಡು ಬರುವವನಿದ್ದ. ಬಾಗಿಲು ತೆರೆಯದಿದ್ದರೆ ದಂಡು ಎದುರಿನ ಹೊಸ ಸಲೂನಿಗೆ ನುಗ್ಗುವುದು ಖಂಡಿತ.

ಪುರಸಭೆಯವರು ಬಂದು ಬುಡ ನೋಡಿದರು. "ನಾವು ಬುಡ ಕೊಯ್ದರೆ ಮರ ಪೂರ್ತಿ ರಸ್ತೆಗೆ ಉರುಳುತ್ತೆ. ಆಮೇಲೆ ಜಿಲ್ಲೆಯವರು ನಮ್ಮ ಮೇಲೆ ಗೂಬೆ ಕೂರಿಸ್ತಾರೆ."

"ಬುಡ ಅಲ್ಲಾಡದೆ ನಾವು ನಡು ಮುಟ್ಟೋ ಹಾಗಿಲ್ಲ," ಎಂದರು ಜಿಲ್ಲೆಯವರು.

ರಾಜ್ಯದವರು ಅಂಗಳದಲ್ಲೇ ನಿಂತು ನೋಡಿದರು. "ನಮ್ಮದು ಬರೀ ಎಲೆ ಕಣ್ರಿ. ಇರಲಿ ಬಿಡಿ, ಹಸಿರಾಗಿದೆ."

ಮೂವರೂ ಪಕ್ಕದ ಚಹಾ ಅಂಗಡಿಯಲ್ಲಿ ಮೂರು ಮೂಲೆ ಹಿಡಿದು, ಮುಖ ತಿರುಗಿಸಿ ಕೂತರು. ಚಹಾ ಅಂಗಡಿಯ ಅಕ್ಕ ಕ್ಷೌರಿಕನನ್ನು ಹತ್ತಿರ ಕರೆದಳು.

"ನಿನ್ನ ಕೈಲಿ ಎಂಥೆಂಥ ತಲೆ ಬಗ್ಗಿದೆಯಪ್ಪಾ. ಈ ಮೂರು ಬಗ್ಗಲ್ವಾ?"

ಕೇಳದೆಯೇ ಒಲೆಯ ಮೇಲೆ ಎಣ್ಣೆ ಬೆಚ್ಚಗೆ ಮಾಡಿಕೊಟ್ಟಳು ಪುಣ್ಯಾತ್ಗಿತ್ತಿ.

ಕ್ಷೌರಿಕ ಪುರಸಭೆಯವರ ನೆತ್ತಿಗೆ ಎಣ್ಣೆ ತಟ್ಟುತ್ತ ಮೆಲ್ಲಗೆ ಹೇಳಿದ: "ಜಿಲ್ಲೆಯ ಸಾಹೇಬ್ರು ಹೇಳ್ತಿದ್ರು, ಈ ಊರಲ್ಲಿ ಕೆಲಸ ಬಲ್ಲೋರು ಅಂದ್ರೆ ನೀವಂತೆ."

"ಹೌದಾ?" ಪುರಸಭೆಯವರ ಅರ್ಧ ಮುಚ್ಚಿದ ಕಣ್ಣು ತೆರೆಯಿತು. "ಅವರೂ ಒಳ್ಳೆಯೋರೇ ಪಾಪ."

ಅದೇ ಸುಳ್ಳನ್ನು ಉಳಿದಿಬ್ಬರ ನೆತ್ತಿಗೂ ತಿಕ್ಕಿದ. ಎಣ್ಣೆ ಆರುವ ಮೊದಲೇ ಮೂರು ಮೂಲೆಯ ಮೂರು ಸ್ಟೂಲು ಒಂದೇ ಮೇಜಿನ ಸುತ್ತ ಸೇರಿದವು.

"ಗರಗಸ ನಮ್ಮದು ತಗೊಳ್ಳಿ ಸಾರ್."

"ಹಗ್ಗ ನಾವು ತರಿಸ್ತೀವಿ."

"ಆಳುಗಳು ನಮ್ಮ ಕಡೆಯಿಂದ ಬರಲಿ."

ರಾಜ್ಯದವರು ಬೂಟು ಕಳಚಿ ತಾವೇ ಹಗ್ಗಕ್ಕೆ ಕೈ ಹಾಕಿದರು. ಜಿಲ್ಲೆಯವರು ತಮ್ಮ ಕರವಸ್ತ್ರ ಕೊಟ್ಟು, ಪುರಸಭೆಯವರಿಗೆ ಬೆವರು ಒರೆಸಿಕೊಳ್ಳಲು ಹೇಳಿದರು. ಇದನ್ನು ಕಂಡದ್ದೇ ತಡ, ಕ್ಷೌರಿಕ ಅಂಗಡಿ ತೆರೆಯುತ್ತೆ, ಬನ್ನಿ ಎಂದು ಹೇಳಲು ಮದುಮಗನ ಮನೆಗೆ ಓಡಿದ.

ಸಂಜೆ ಎಲ್ಲರನ್ನೂ ಕರೆದುಕೊಂಡು ಬಂದು ನೋಡುತ್ತಾನೆ, ಚರಂಡಿ ಸ್ವಚ್ಛ, ರಸ್ತೆ ಸ್ವಚ್ಛ, ಅಂಗಳ ಕನ್ನಡಿ. ಇಡೀ ಮರ ತುಂಡು ತುಂಡಾಗಿ ಅವನ ಅಂಗಡಿಯ ಜಗಲಿಯ ಮೇಲೆ, ಬೋರ್ಡಿನವರೆಗೂ ಒಪ್ಪವಾಗಿ ಪೇರಿಸಿಟ್ಟಿದ್ದರು.

"ಇದೇನ್ ಸಾರ್?" ಅವನು ತುಂಡುಗಳ ಸಂದಿಯಲ್ಲಿ ಬಾಗಿಲು ಹುಡುಕಿದ.

"ಹರಾಜು ಆಗೋವರೆಗೂ ಎಲ್ಲಾದ್ರೂ ಇಡ್ಬೇಕಲ್ಲಪ್ಪಾ," ಪುರಸಭೆಯವರು ಅಕ್ಕರೆಯಿಂದ ಅವನ ಭುಜ ತಟ್ಟಿದರು. "ಈಗ ತಾನೇ ಸ್ನೇಹ ಆಗಿದೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಹೊರೆ ಹಾಕಿದ್ರೆ ಚೆನ್ನಾಗಿರುತ್ತಾ?"

"ಮೂರೂ ಸರ್ಕಾರಕ್ಕೆ ಸೇರದೆ ಇರೋದು ನಿಮ್ಮ ಜಗಲಿ ಒಂದೇ," ಎಂದರು ಜಿಲ್ಲೆಯವರು. "ಎಲ್ಲರೂ ಒಂದೇ ಮಾತಿಗೆ ಒಪ್ಪಿದ್ವಿ."

ಮದುಮಗನ ದಂಡು ಆಗಲೇ ರಸ್ತೆ ದಾಟುತ್ತಿತ್ತು. ಅಡ್ಡಿಯೇ ಇಲ್ಲದ ರಸ್ತೆ, ದಾಟಲು ಎಷ್ಟು ಹೊತ್ತು?

ರಾಜ್ಯದವರು ಬೂಟು ಹಾಕಿಕೊಳ್ಳುತ್ತ ಗಲ್ಲ ಸವರಿಕೊಂಡರು. "ನಿಮ್ಮ ಕೈಗುಣ ಬಹಳ ದೊಡ್ಡದು ಕಣ್ರಿ. ನಾಳೆ ಬೆಳಿಗ್ಗೆ ಮೂವರೂ ಜೊತೆಗೇ ಶೇವಿಂಗಿಗೆ ಬರ್ತೀವಿ. ಸ್ವಲ್ಪ ಬೇಗ ಬಾಗಿಲು ತೆಗೆದಿರಿ."