ರೇವಾಲ್ ನಡಿಗೆಯೂ ಒಂದು ಗ್ಲಾಸ್ ಪುನರ್ಪುಳಿಯೂ

ಮನುಷ್ಯ ದೊಡ್ಡ ಗುಟ್ಟುಗಳನ್ನು ಒಂದಲ್ಲ ಒಂದು ದಿನ ಯಾರ ಬಳಿಯಾದರೂ ಹೇಳಿಬಿಡುತ್ತಾನೆ; ಸಣ್ಣ ಗುಟ್ಟುಗಳನ್ನು ಮಾತ್ರ ಪ್ರಾಣ ಹೋದರೂ ಬಿಟ್ಟುಕೊಡುವುದಿಲ್ಲ ಎಂಬುದು ನನ್ನ ಅನುಭವ. ನನ್ನ ಗುಟ್ಟು ತೀರಾ ಸಣ್ಣದು, ಬಲಗೈಯ ಐದು ಬೆರಳುಗಳಷ್ಟು. ಅವು ನಡುಗುತ್ತವೆ. ಯಾವಾಗಲೂ ಅಲ್ಲ. ಬರಿಗೈಯಾಗಿದ್ದರೆ ಸಾಧುವಾಗಿರುತ್ತವೆ. ಒಂದು ಪೆನ್ನನ್ನೋ ತುಂಬಿದ ಲೋಟವನ್ನೋ ಹಿಡಿದ ಕೂಡಲೇ ತಾಳ ಹಾಕತೊಡಗುತ್ತವೆ. ಇದನ್ನು ಒಂದು ವರ್ಷದಿಂದ ಯಾರಿಗೂ ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಶ್ರದ್ಧೆಯಿಂದ ಮಾಡಿದ ಕೆಲಸವೆಂದರೆ ಇದೊಂದೇ.

ಮದುವೆ ಊಟದಲ್ಲಿ ಪಾಯಸದ ಲೋಟ ಬಂದಾಗ ಕೈ ಅಡ್ಡ ಹಿಡಿದು "ಶುಗರ್ ಉಂಟು" ಎನ್ನುತ್ತಿದ್ದೆ. ಪರಿಣಾಮವಾಗಿ ಈಗ ನೆಂಟರೆಲ್ಲ ನನಗೆ ಸಕ್ಕರೆ ಕಾಯಿಲೆ ಎಂದು ನಂಬಿದ್ದಾರೆ, ಸಿಕ್ಕಲ್ಲಿ ಹಾಗಲಕಾಯಿ ರಸದ ಉಪದೇಶ ಕೊಡುತ್ತಾರೆ. ಮನೆಯಲ್ಲಿ ಹೆಂಡತಿ ವಾರಿಜ ಅಡುಗೆಮನೆಗೆ ತಿರುಗುವುದನ್ನೇ ಕಾದು, ಲೋಟವನ್ನು ಮೇಜಿನಲ್ಲೇ ಬಿಟ್ಟು, ಬಾಯಿಯನ್ನು ಅದರ ಬಳಿಗೆ ಕೊಂಡೊಯ್ದು ಹೀರುತ್ತಿದ್ದೆ. ಕರು ಕೂಡ ಇದಕ್ಕಿಂತ ಮರ್ಯಾದೆಯಲ್ಲಿ ಕುಡಿಯುತ್ತದೆ. ಅಷ್ಟರಲ್ಲಿ ಮನೆಯ ಸ್ಟೀಲ್ ಲೋಟಗಳೆಲ್ಲ ಒಂದು ದಿನ ಅಟ್ಟ ಸೇರಿದವು. ಅವುಗಳ ಜಾಗಕ್ಕೆ ದೊಡ್ಡ ದೊಡ್ಡ ಹಿಡಿ ಇರುವ ಪಿಂಗಾಣಿ ಮಗ್ಗುಗಳು ಬಂದವು, ಅವುಗಳಲ್ಲಿ ಅರ್ಧಕ್ಕೆ ಮಾತ್ರ ಕಾಫಿ. ಮೂವತ್ತು ವರ್ಷ ಲೋಟದಲ್ಲಿ ಕುಡಿದವನಿಗೆ ಇದೆಂತಹ ಶೋಕಿ ಎಂದು ರೇಗಿದೆ. "ಸ್ಟೀಲ್ ಬಿಸಿ ಆಗ್ತದಲ್ಲ" ಎಂದಳು. ಮೂವತ್ತು ವರ್ಷದಿಂದ ಬಿಸಿಯಾಗದ ಸ್ಟೀಲು ಈಗ ಬಿಸಿಯಾಗುತ್ತಿದೆಯೇ, ಎಲ್ಲ ಟೀವಿ ಧಾರಾವಾಹಿ ನೋಡಿ ಕಲಿತದ್ದು ಎಂದು ಗೊಣಗಿದೆ.

ಬ್ಯಾಂಕಿನಲ್ಲಿದ್ದಷ್ಟು ಕಾಲ ನಾನು ಸಹಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಾಲ ಒಂದಿಷ್ಟು ಉದ್ದವಾದರೂ "ಸೈನ್ ಟ್ಯಾಲಿ ಆಗುದಿಲ್ಲ" ಎಂದು ಹಿಂದಿರುಗಿಸುತ್ತಿದ್ದೆ. ಕೈ ನಡುಗುವ ಮುದುಕರಿಗೂ ಅದೇ ಮಾತು. ಕಳೆದ ವರ್ಷ ಅದೇ ಶಾಖೆಯಲ್ಲಿ, ನಾನು ಕೂರುತ್ತಿದ್ದ ಕುರ್ಚಿಯಲ್ಲೇ ಕೂತ ಹುಡುಗಿಯೊಬ್ಬಳು ನನ್ನ ಚೆಕ್ಕನ್ನು ಮೆತ್ತಗೆ ತಳ್ಳಿ "ಅಂಕಲ್, ಸೈನ್ ಟ್ಯಾಲಿ ಆಗ್ತಾ ಇಲ್ಲ" ಎಂದಳು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಹೊರಗೆ ಬಂದೆ.

ನಿಜ ಹೇಳಬೇಕೆಂದರೆ ನನಗೆ ನಾಚಿಕೆಗಿಂತ ಹೆದರಿಕೆ ಹೆಚ್ಚು. ನನ್ನ ತಂದೆಯ ಕೈಯೂ ಹೀಗೆಯೇ ತೊಡಗಿದ್ದು. ಕೊನೆಯ ವರ್ಷಗಳಲ್ಲಿ ಅವರಿಗೆ ಗಂಜಿ ಉಣ್ಣಿಸಿದ್ದು ನಾನೇ. ಉಣ್ಣುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ಆ ಗೋಡೆಯ ನೆನಪಾದಾಗಲೆಲ್ಲ ಡಾಕ್ಟರ ಬಳಿ ಹೋಗುವುದನ್ನು ಮುಂದಿನ ತಿಂಗಳಿಗೆ ಹಾಕುತ್ತಿದ್ದೆ.

ಇಂತಹ ನನ್ನನ್ನು ಕುದುರೆ ಹತ್ತಿಸಿದವನು ಗೆಳೆಯ ಹಮೀದ್. ತೊಕ್ಕೊಟ್ಟಿನಲ್ಲಿ ಅವನಿಗೆ ಹಾರ್ಡ್‌ವೇರ್ ಅಂಗಡಿ. ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದು ಬಂದವನು. ಬಂದವರೆಲ್ಲ ಮನೆ ಕಟ್ಟಿಸಿದರೆ ಇವನು ಮನೆಯ ಜತೆಗೆ ರಾಜಸ್ಥಾನದಿಂದ ಒಂದು ಬಿಳಿ ಹೆಣ್ಣುಕುದುರೆಯನ್ನೂ ತರಿಸಿದ. ಹೆಸರು ಹೀರಾ, ಮಾರವಾಡಿ ತಳಿ. ಕಿವಿಗಳೆರಡೂ ಒಳಕ್ಕೆ ಬಾಗಿ ತುದಿಯಲ್ಲಿ ಒಂದಕ್ಕೊಂದು ತಾಗುತ್ತವೆ. ಇವುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ರೇವಾಲ್ ಎಂಬ ನಡಿಗೆ ಬರುತ್ತದಂತೆ. ನಾಲ್ಕು ಕಾಲನ್ನೂ ಒಂದಾದ ಮೇಲೊಂದು ಬೇರೆ ಬೇರೆಯಾಗಿ ಊರುತ್ತ, ಬೇಗ ಬೇಗನೆ ಸಾಗುತ್ತದೆ. ಮೇಲೆ ಕೂತವನಿಗೆ ಕುಲುಕಾಟವೇ ಇಲ್ಲ. ಆದರೆ ಹಮೀದನ ನೆಂಟರಿಗೆ ಇದು ಅರ್ಥವಾಗಬೇಕಲ್ಲ. "ಓಡದ ಕುದುರೆಗೆ ಹುಲ್ಲು ಹಾಕುವ ಬದಲು ನಾಲ್ಕು ಆಡು ಸಾಕಬಹುದಿತ್ತು" ಎಂದು ಅವನ ಭಾವಂದಿರು ಪ್ರತಿ ಹಬ್ಬಕ್ಕೂ ತಪ್ಪದೆ ಹೇಳುತ್ತಿದ್ದರು.

ಆಗ ಬಂತು ಕೂಳೂರಿನ ಮೈದಾನದಲ್ಲಿ ಎರಡು ದಿನದ ಕುದುರೆ ಮೇಳ. ಒಂದೊಂದು ತಳಿಗೆ ಒಂದೊಂದು ಸ್ವಯಂಸೇವಕರ ತಂಡ. ಹಮೀದ್ ನಮ್ಮ ಮನೆಗೆ, ಬೋಳಾರಕ್ಕೆ, ಬಂದು ಕೂತ. "ಹೀರಾಳ ನಡಿಗೆ ತೋರಿಸ್ಲಿಕ್ಕೆ ಮೇಲೆ ಕೂತವನ ಕೈಗೆ ತುಂಬಿದ ಗ್ಲಾಸ್ ಕೊಡುದು. ಸವಾರಿ ಗೊತ್ತಿದ್ದವ ಅದನ್ನು ಹಿಡಿದು ಕೂತ್ರೆ ಅದು ಅವನ ಕಲೆ ಅಂತಾರೆ ಜನ. ಜನ್ಮದಲ್ಲಿ ಕುದುರೆ ಹತ್ತದವರು ಬೇಕು. ನೀವು ಪರ್ಫೆಕ್ಟ್, ಸದಾಶಿವಣ್ಣ. ನಿಮ್ಮನ್ನು ನೋಡಿದ್ರೇ ಗೊತ್ತಾಗ್ತದೆ. ಒಂದು ತೊಟ್ಟು ಚೆಲ್ಲದೆ ಎರಡು ಸುತ್ತು. ಭಾವಂದಿರು ಎದುರಿನ ಸಾಲಿನಲ್ಲೇ ಇರ್ತಾರೆ."

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಜೀವಮಾನದಲ್ಲಿ ಯಾರೂ ನನ್ನನ್ನು ಪರ್ಫೆಕ್ಟ್ ಎಂದಿರಲಿಲ್ಲ. ವಾರಿಜ ಮಾತ್ರ "ಗ್ಲಾಸ್ ತುಂಬಾ ಹಿಡಿಯುದಾ?" ಎಂದು ಕೇಳಿ, ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋದಳು.

ಮೇಳದ ಹಿಂದಿನ ದಿನದ ಅಭ್ಯಾಸದಲ್ಲಿ ಖಾಲಿ ಗ್ಲಾಸು ಹಿಡಿದು ಕೂತೆ. ಶರಬತ್ತು ಸುಮ್ಮನೆ ಯಾಕೆ ಹಾಳು ಎಂದಿದ್ದೆ. ಹೀರಾ ನಡೆದಳು ನೋಡಿ, ನಮ್ಮ ಸಿಟಿ ಬಸ್ಸಿನಲ್ಲಿ ನಲವತ್ತು ವರ್ಷ ಓಡಾಡಿದ ನನ್ನ ಸೊಂಟ ಬೆರಗಾಯಿತು. ಇಂತಹ ಪ್ರಾಣಿಯ ಮೇಲೆ ಕೂತರೆ ಕೈಯೂ ಸುಮ್ಮನಿದ್ದೀತು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಮೇಳದ ದಿನ ನಮಗೆಲ್ಲ ಬಿಳಿ ಟೀ ಶರ್ಟು, ಬಿಳಿ ಪ್ಯಾಂಟು. ಹಮೀದ್ ಗ್ಲಾಸಿಗೆ ಕಂಠಪೂರ್ತಿ ಸುರಿದದ್ದು ಪುನರ್ಪುಳಿ ಹಣ್ಣಿನ ಶರಬತ್ತು. "ನೀರು ದೂರಕ್ಕೆ ಕಾಣುದಿಲ್ಲ. ಇದು ಕೆಂಪು, ಎಲ್ಲರಿಗೂ ಕಾಣ್ತದೆ" ಎಂದ. ಎಲ್ಲರಿಗೂ ಕಂಡಿತು. ನಮ್ಮ ತಂಡದಲ್ಲಿದ್ದ ಶಾಲೆಯ ಟೀಚರು ಲವೀನಾ ಮೈಕಿನಲ್ಲಿ ತಳಿಯ ಗುಣಗಾನ ಮಾಡುತ್ತಿದ್ದಂತೆ ಹೀರಾ ಹೊರಟಳು. ಹತ್ತು ಹೆಜ್ಜೆಗೆ ನನ್ನ ಬೆರಳುಗಳು ತಾಳ ಹಿಡಿದವು. ಅರ್ಧ ಸುತ್ತಿಗೆ ಪ್ಯಾಂಟಿನ ತೊಡೆ ಕೆಂಪಾಯಿತು. ಸುತ್ತು ಮುಗಿಯುವಾಗ ಹೀರಾಳ ಬಿಳಿ ಕುತ್ತಿಗೆಯ ಮೇಲೂ ಎರಡು ಕೆಂಪು ಗೆರೆ ಇಳಿದಿದ್ದವು.

ಕಂಬಳ ನೋಡಿ ಬೆಳೆದ ಊರಿನ ಜನ ಇವರು. ನಡೆಯುವ ಕುದುರೆಯನ್ನು ನೋಡಲು ಬಂದದ್ದೇ ಅವರ ದೊಡ್ಡತನ. "ಇದು ಓಡುದಿಲ್ವಾ ಮಾರಾಯ?" ಎಂದ ಒಬ್ಬ. "ಓಡುದು ಬಿಡು, ನಡಿಲಿಕ್ಕೂ ಬರುದಿಲ್ಲ. ನೋಡು, ಹೇಗೆ ಅಲ್ಲಾಡಿಸ್ತದೆ. ಇದಕ್ಕಿಂತ ನಮ್ಮ ಕೋಣ ಅಡ್ಡಿಲ್ಲ" ಎಂದ ಇನ್ನೊಬ್ಬ. ಎದುರು ಸಾಲಿನಲ್ಲಿ ಭಾವಂದಿರು ಬಾಯಿಗೆ ಕರವಸ್ತ್ರ ಒತ್ತಿ ನಗುತ್ತಿದ್ದರು.

ಹಮೀದ್ ನನ್ನನ್ನು ಇಳಿಸಿದ. ಕೂತು ಹೀರಾಳ ನಾಲ್ಕೂ ಗೊರಸುಗಳನ್ನು ಒಂದೊಂದಾಗಿ ಎತ್ತಿ, ಕಲ್ಲು ಸಿಕ್ಕಿದೆಯೇ ಎಂದು ಬೆರಳು ಹಾಕಿ ನೋಡಿದ. ಏನೂ ಇರಲಿಲ್ಲ. ಎದ್ದು ಲವೀನಾ ಟೀಚರಿಗೆ "ಎರಡನೇ ಸುತ್ತು ಬೇಡ ಟೀಚರ್. ಅವಳಿಗೆ ಇವತ್ತು ಎಂತದೋ ಸರಿ ಇಲ್ಲ. ವಾಪಸ್ ಕರ್ಕೊಂಡು ಹೋಗ್ತೇನೆ" ಎಂದ. ಹೀರಾ ಮಾತ್ರ ನನ್ನ ಕೈಯಲ್ಲಿ ಉಳಿದ ಶರಬತ್ತನ್ನು ಮೂಸುತ್ತ ನಿಂತಿದ್ದಳು. ಬಾಯಿಲ್ಲದ ಪ್ರಾಣಿ, ಎಲ್ಲರ ಕೈಲೂ ಬೈಸಿಕೊಂಡಾಯಿತು. ಬಾಯಿ ಇದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ನನಗೇ ಅಷ್ಟು ಅಸಹ್ಯವಾದದ್ದಿಲ್ಲ.

ಟೀಚರ ಕೈಯಿಂದ ಮೈಕು ತೆಗೆದುಕೊಂಡೆ. ಇನ್ನೊಂದು ಗ್ಲಾಸು ತುಂಬಿಸಲು ಹೇಳಿ ಬಲಗೈಯಲ್ಲಿ ಎತ್ತಿ ಹಿಡಿದೆ. "ಎಲ್ಲರೂ ನೋಡಿ. ಈಗ ನಾನು ಕುದುರೆ ಮೇಲೆ ಇಲ್ಲ, ನೆಲದ ಮೇಲೆ ಇದ್ದೇನೆ" ಎಂದೆ. ಶರಬತ್ತು ಮೊಣಕೈವರೆಗೆ ಇಳಿಯಿತು. ಮೊದಲು ಜನ ನಕ್ಕರು. ಕೈ ನಿಲ್ಲದ್ದನ್ನು ಕಂಡು ನಗು ನಿಂತಿತು. "ಕುದುರೆಯ ಕಾಲು ಸರಿ ಉಂಟು. ನನ್ನ ಕೈ ಸರಿ ಇಲ್ಲ. ಒಂದು ವರ್ಷ ಆಯ್ತು. ಹಮೀದನಿಗೆ ನಾನು ಹೇಳಿರ್ಲಿಲ್ಲ" ಎಂದೆ.

ಹಮೀದ್ ಬಂದು ಗ್ಲಾಸನ್ನು ಕೈಯಿಂದ ತೆಗೆದುಕೊಂಡ. "ಮೊದಲೇ ಹೇಳ್ಬಾರದಾ ಸದಾಶಿವಣ್ಣ" ಎಂದಷ್ಟೇ ಹೇಳಿ, ಆ ನಡುಗುವ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತ. ಕುದುರೆ ಹತ್ತದವರು ಬೇರೆ ಯಾರಾದರೂ ಉಂಟೇ ಎಂದು ಟೀಚರು ಕೂಗಿದರು. ಕಂಬಳದ ಶೂರರೆಲ್ಲ ಚಪ್ಪಲಿ ನೋಡಿಕೊಂಡರು. ಆಗ ಜನರ ನಡುವಿನಿಂದ ಚೂಡಿದಾರ ಹಾಕಿದ ಹೆಂಗಸೊಬ್ಬಳು ಕೈಚೀಲ ಹೆಗಲಿಗೇರಿಸಿಕೊಂಡು ಬಂದಳು. ವಾರಿಜ! "ಸೊಂಟದಲ್ಲಿ ಒಂದು, ತಲೆಯಲ್ಲಿ ಒಂದು ಕೊಡ ಇಟ್ಟು ಗದ್ದೆ ಬದುವಿನಲ್ಲಿ ನೀರು ತಂದವಳು ನಾನು. ಹತ್ತಿಸಿ ಹಮೀದ್" ಎಂದಳು. ಚೀಲವನ್ನು ನನ್ನ ಕೊರಳಿಗೆ ಹಾಕಿದಳು.

ಎರಡು ಸುತ್ತು. ಒಂದು ತೊಟ್ಟು ಚೆಲ್ಲಲಿಲ್ಲ. ಹೀರಾ ನುಣ್ಣಗೆ ಸಾಗಿದಳು, ವಾರಿಜ ದೇವಸ್ಥಾನಕ್ಕೆ ಹೊರಟವಳಂತೆ ನೆಟ್ಟಗೆ ಕೂತಿದ್ದಳು. ಎರಡನೇ ಸುತ್ತು ಮುಗಿಸಿ ಕುದುರೆಯ ಮೇಲೆಯೇ ಶರಬತ್ತನ್ನು ಗಟಗಟ ಕುಡಿದು ಗ್ಲಾಸು ಮಗುಚಿ ತೋರಿಸಿದಾಗ ಮೈದಾನವೇ ಎದ್ದು ನಿಂತಿತು. ಭಾವಂದಿರಲ್ಲಿ ಹಿರಿಯವನು ಬಂದು "ನಾನೊಮ್ಮೆ ಕೂರ್ಬಹುದಾ?" ಎಂದು ಕೇಳಿದ. "ಮೊದಲು ಆಡು ಹತ್ತಿ ಕಲಿ" ಎಂದ ಹಮೀದ್.

ಎಲ್ಲ ಮುಗಿದ ಮೇಲೆ ಸ್ವಯಂಸೇವಕರ ಡೇರೆಯ ಹಿಂದೆ ವಾರಿಜ ನನ್ನ ಕೊರಳಿನ ಚೀಲಕ್ಕೆ ಕೈಹಾಕಿ ಇಸ್ತ್ರಿ ಮಾಡಿದ ಒಂದು ಪ್ಯಾಂಟು ತೆಗೆದು ಕೊಟ್ಟಳು. "ಬದಲಿಸಿಕೊಳ್ಳಿ. ಬಸ್ಸಲ್ಲಿ ಹೋಗ್ಲಿಕ್ಕುಂಟು."

ನಾನು ಪ್ಯಾಂಟನ್ನೂ ಅವಳನ್ನೂ ನೋಡಿದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಇದನ್ನು ಮಡಚಿ ಇಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿದರೆ ತುಳುವಿನಲ್ಲಿ "ಎಂಕ್ ಗೊತ್ತುಂಡು" ಎಂದಳು, ನನಗೆ ಗೊತ್ತುಂಟು ಎಂದು. ಆಗ ನನಗೆ ಮಗ್ಗುಗಳ ನೆನಪಾಯಿತು. ಹಿಡಿ ಇದ್ದ, ಅರ್ಧವೇ ತುಂಬಿದ ಮಗ್ಗುಗಳು. ನಾನು ಕುಡಿಯಲು ತೊಡಗುವ ಹೊತ್ತಿಗೇ ಪ್ರತಿದಿನ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿದ್ದುದು.

"ಹಾಗಾದ್ರೆ ಕುದುರೆ ಹತ್ಬೇಡಿ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನಗೆ ಗೊತ್ತುಂಟು ಅಂತ ನಿಮಗೆ ಗೊತ್ತಾಗ್ತದಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. "ಗುರುವಾರ ಡಾಕ್ಟ್ರ ಹತ್ರ ಹೋಗುವ. ಬರ್ತೇವೆ ಅಂತ ಅವರಿಗೆ ನಾನು ಹೇಳಿ ಆಗಿದೆ. ನಾನೂ ಬರ್ತೇನೆ."

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ನನ್ನ ಹಳೆಯ ಸ್ಟೀಲ್ ಲೋಟ ಅಟ್ಟದಿಂದ ಇಳಿದು ಬಂದಿತ್ತು, ಕಂಠಪೂರ್ತಿ ಕಾಫಿಯೊಂದಿಗೆ. ಪಕ್ಕದಲ್ಲಿ ಒರೆಸುವ ಬಟ್ಟೆಯೊಂದನ್ನು ಮಡಚಿ ಇಟ್ಟಿದ್ದಳು. ಈ ಸಲ ಅವಳು ಅಡುಗೆಮನೆಗೆ ಹೋಗಲಿಲ್ಲ, ಎದುರಿಗೇ ಕೂತಳು. ನಾನು ಗೋಡೆಯನ್ನು ನೋಡದೆ ಅವಳನ್ನೇ ನೋಡಿ ಲೋಟ ಎತ್ತಿದೆ. ಅರ್ಧ ನಾನು ಕುಡಿದೆ, ಅರ್ಧ ಬಟ್ಟೆ ಕುಡಿಯಿತು.