ಒಂದು ಉಸಿರೂ ಕಳೆಯದ ಹಾಗೆ

ಮಗ ಬೋತಿರನ ಮದುವೆ ಗೊತ್ತಾದದ್ದೇ ಎರ್ಗಾಶನ ಗ್ರಹಚಾರಕ್ಕೆ ಮೂಲವಾಯಿತು. ಸೊಸೆಗೊಂದು ಕೋಣೆ ಬೇಕು. ಕೋಕಂದ್ ಊರಿನ ಆ ಮನೆಯಲ್ಲಿ ಹೆಚ್ಚಿಗೆ ಇದ್ದ ಒಂದೇ ಕೋಣೆಯೋ, ಎರ್ಗಾಶ್ ಮದುವೆಮನೆಗಳಲ್ಲಿ ಹಿಡಿದಿಟ್ಟ ಹಾಡುಗಳ ಟೇಪುಗಳಿಂದ ಸೂರಿನವರೆಗೆ ತುಂಬಿತ್ತು.

"ನಾಳೆ ಸುಣ್ಣದವರು ಬರ್ತಾರೆ, ಬೋತಿರನ ಅಪ್ಪಾ," ಎಂದಳು ಹೆಂಡತಿ ಹೋಸಿಯತ್. "ಸಂಜೆಯೊಳಗೆ ಎಲ್ಲಾನೂ ಕಂಪ್ಯೂಟರಿಗೆ ಹಾಕ್ಕೊಂಡುಬಿಡಿ. ಆಮೇಲೆ ಟೇಪೆಲ್ಲ ಗುಜರಿಗೆ."

ತಿಂಗಳುಗಟ್ಟಲೆ ಕೂತು ಎರ್ಗಾಶ್ ಬಹುಪಾಲು ಮುಗಿಸಿದ್ದ. ಬೆನ್ನು ಬಿದ್ದುಹೋಗಿತ್ತು, ಕಣ್ಣು ಉರಿಯುತ್ತಿತ್ತು. ಉಳಿದ ಕೆಲವಕ್ಕೆ ಅಂಗಳದ ದ್ರಾಕ್ಷಿ ಚಪ್ಪರದಡಿ ಹಳೆಯ ರೆಕಾರ್ಡರ್, ಹೊಸ ಸ್ಪೀಕರ್ ಹೂಡಿಕೊಂಡ. ಹಾಡು ಕೇಳಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ನೆರೆಹೊರೆ ಬಂದು ಕೂತಿತು. ಕರೆಯದೆ ಬಂದವರಿಗೂ ಹಸಿರು ಚಹಾ ಕೊಡಲೇಬೇಕಲ್ಲ.

"ಕಂಪ್ಯೂಟರಿನಲ್ಲಿ ಹಾಡಿನ ಗಾತ್ರ ಅರ್ಧ ಮಾಡ್ತೀಯ, ಆದ್ರೂ ಏನೂ ಕಳಿಯಲ್ಲ ಅಂತೀಯ," ಎಂದಳು ಪಕ್ಕದ ಮನೆಯ ತುರ್ಸುನಾಯ್ ಚಿಕ್ಕಮ್ಮ. "ನಾನೂ ದ್ರಾಕ್ಷಿ ಒಣಗಿಸ್ತೀನಪ್ಪ. ರಸ ಹೋಗೇ ಹೋಗತ್ತೆ."

"ಒಣಗಿಸೋದಲ್ಲ ಚಿಕ್ಕಮ್ಮ, ರಜಾಯಿ ಮಡಚಿ ಹಗ್ಗ ಬಿಗಿದ ಹಾಗೆ. ಬಿಚ್ಚಿದ್ರೆ ಒಂದೆಳೆ ಹತ್ತಿ ಕಮ್ಮಿಯಿರಲ್ಲ. ಲಾಸ್‌ಲೆಸ್ ಅಂತಾರೆ."

"ಕಿವಿಗೆ ಬೀಳದ ಸಣ್ಣಪುಟ್ಟದ್ದನ್ನ ಕತ್ತರಿಸಿ ಎಸೆದ್ರೆ ಇನ್ನೂ ಚಿಕ್ಕದಾಗತ್ತಂತಲ್ಲೋ," ಎಂದರು ಬೀದಿಯ ಹಿರಿಯ ನೋರ್ಮತಣ್ಣ. ಚಿಕ್ಕಮ್ಮನ ಮಗಳು ಅವರ ಸೊಸೆ.

"ನಾನು ಕತ್ತರಿಸಲ್ಲ ಅಣ್ಣ. ಒಂದು ಉಸಿರೂ ಕಳೀಬಾರದು."

ಮುಂದಿನ ಟೇಪು ನೋರ್ಮತಣ್ಣನ ಮಗನ ಮದುವೆಯದೇ. ಹಳೆಯ ಸ್ಪೀಕರಿನಲ್ಲಿ ಎಂದೂ ಕೇಳದ ಮಾತೊಂದು ಹಾಡಿನ ಹಿಂದಿನಿಂದ ಸ್ಪಷ್ಟವಾಗಿ ಬಂತು. ನೋರ್ಮತಣ್ಣನ ದನಿ ಅಡುಗೆಯವನಿಗೆ ಹೇಳುತ್ತಿತ್ತು: "ಮಾಂಸ ನಮ್ಮೋರಿಗಿರಲಿ. ಹೆಣ್ಣಿನ ಕಡೆಯೋರ ಪಲಾವಿಗೆ ಮೂಳೆ ಹಾಕು."

ಚಿಕ್ಕಮ್ಮ ಚಹಾದ ಬಟ್ಟಲು ಕೆಳಗಿಟ್ಟಳು. "ಅದಕ್ಕೇ ಬೀಗರೇ, ಅವತ್ತು ನಮ್ಮೆಜಮಾನರ ಹಲ್ಲು ಮುರಿದದ್ದು."

"ಅಳಿಸಿಬಿಡೋ ತಮ್ಮಾ," ನೋರ್ಮತಣ್ಣ ಅಂಗಲಾಚಿದರು.

"ಒಂದನ್ನ ಅಳಿಸಿದ್ರೆ ಇಷ್ಟು ದಿನದ ಶ್ರಮವೆಲ್ಲ ನೀರಲ್ಲಿ ಹೋಮ," ಎಂದು ಎರ್ಗಾಶ್ ಗತ್ತಿನಿಂದ ಕೊನೆಯ ಟೇಪು ಹಾಕಿದ. ಅದರ ಚೀಟಿ ಎಂದೋ ಉದುರಿ, ಯಾರ ಮದುವೆಯದೆಂದು ಅವನಿಗೇ ಮರೆತಿತ್ತು. ಹಾಡುಗಾರ ಶ್ರುತಿ ಸರಿಮಾಡಲು ನಿಲ್ಲಿಸಿದಾಗ ಯಾರೋ ಗೆಳೆಯ ಪಿಸುಗುಟ್ಟಿದ: "ಮದುಮಗಳು ಹೇಗಿದ್ದಾಳೋ ಎರ್ಗಾಶ್?"

"ಸರಿಯಾಗಿ ನೋಡಿಲ್ಲ ಕಣೋ," ಎಂದಿತು ಎರ್ಗಾಶನ ಎಳೆಯ ದನಿ. "ಅವಳಪ್ಪ ಬಳುವಳಿ ಅಂತ ಈ ರೆಕಾರ್ಡರ್ ಕೊಡ್ತೀನಂದ್ರು. ಅದನ್ನ ನೋಡ್ದೆ. ಒಪ್ಕೊಂಡುಬಿಟ್ಟೆ."

ಚಹಾ ಬಗ್ಗಿಸುತ್ತಿದ್ದ ಹೋಸಿಯತ್‌ಳ ಕೈ ನಿಂತಿತು. ಎರ್ಗಾಶನ ಬೆರಳು ಅಳಿಸುವ ಗುಂಡಿಯತ್ತ ಹರಿಯಿತು. ನೋರ್ಮತಣ್ಣ ಆ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡರು. "ಉಸಿರೂ ಕಳೀಬಾರದು, ತಮ್ಮಾ."

ಹೋಸಿಯತ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನ ಜೀವಕ್ಕೆ ನೆಮ್ಮದಿಯಾಗುತ್ತಿತ್ತು.

"ಒಂದು ಟೇಪೂ ಗುಜರಿಗೆ ಹೋಗೋದು ಬೇಡ," ಎಂದಳು.

ಇಷ್ಟು ವರ್ಷ ಎರ್ಗಾಶ್ ಕಾದದ್ದು ಈ ಮಾತಿಗೇ. ಅವನು ಉಸಿರು ಬಿಡುವಷ್ಟರಲ್ಲಿ ಅವಳು ಮುಂದುವರಿಸಿದಳು: "ಎಲ್ಲಾ ನಮ್ಮ ಮಲಗೋ ಕೋಣೆಗೆ ತುಂಬಿ. ನನ್ನ ಜಾಗದಲ್ಲಿ ರೆಕಾರ್ಡರ್ ಮಲಗಲಿ. ಸೊಸೆ ಬರೋವರೆಗೆ ನಾನು ಅವಳ ಕೋಣೇಲಿರ್ತೀನಿ. ಬಂದಮೇಲೆ ನಮ್ಮಣ್ಣನ ಮನೇಲಿ."

ಸಂಜೆಯವರೆಗೆ ಎರ್ಗಾಶ್ ಟೇಪು ಹೊತ್ತ. ನೆರೆಯವರೂ ಕೈಹಾಕಿದರು, ಅದರಲ್ಲೂ ನೋರ್ಮತಣ್ಣ ತುಂಬ ಹುರುಪಿನಿಂದ. ಕೊನೆಗೆ ಎಲ್ಲರೂ ಹೋದಮೇಲೆ, ಹೊಟ್ಟೆ ಚುರುಗುಟ್ಟಿ, ಸೊಸೆಯ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಮೆಲ್ಲಗೆ ಕೇಳಿದ:

"ರಾತ್ರಿ ಊಟಕ್ಕೇನು ಮಾಡಿದ್ದೀಯೆ?"

"ನನ್ನನ್ಯಾಕೆ ಕೇಳ್ತೀರ?" ಎಂದಳು ಒಳಗಿನಿಂದ ಹೋಸಿಯತ್. "ನೀವು ನೋಡಿ ಒಪ್ಕೊಂಡವಳು ನಿಮ್ಮ ಕೋಣೇಲಿ ಮಲಗಿದ್ದಾಳಲ್ಲ, ಅವಳನ್ನ ಕೇಳಿ."